ಸೊಟ್ಟಪಟ್ಟ ಗೋಡೆ ಮುಚ್ಚೋಕೆ ಟೆಕ್ಸ್ಚರ್ ಪೇಂಟ್: ಮೂರು ಥರದ್ದು ಬಳಸಿ ನೋಡಿದ ಮೇಲೆ

ನಮ್ಮನೆ ಹಾಲ್ ಗೋಡೆ ಬೆಳಗ್ಗೆ ಒಂಥರಾ, ಸಾಯಂಕಾಲ ಇನ್ನೊಂಥರಾ. ಬೆಳಗ್ಗೆ ನೋಡಿದ್ರೆ ಪಾಪ ಸಾದಾ ಗೋಡೆ, ಏನೂ ಕೊರತೆ ಕಾಣಲ್ಲ. ಸಾಯಂಕಾಲ ಪಕ್ಕದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿತ್ತು ಅಂದ್ರೆ ಸಾಕು, ವೈರಿಂಗ್‌ಗೆ ಅಂತ ಒಡೆದು ಮುಚ್ಚಿದ ಪಟ್ಟೆ, ಮೊಳೆ ಕಿತ್ತು ಪುಟ್ಟಿ ತುಂಬಿದ ಗುಳಿ, ಹಳೇ ಬಣ್ಣ ಎದ್ದಿದ್ದ ಕಡೆ ಸರಿಯಾಗಿ ಉಜ್ಜದೇನೇ ಮೇಲೆ ಬಳಿದಿದ್ದ ಅಂಚು, ಗಾರೆಯವರ ಕರಣೆ ಗೆರೆ, ಎಲ್ಲಾ ಒಂದೊಂದಾಗಿ ಎದ್ದು ಬಂದು ಕಣ್ಣಿಗೆ ಚುಚ್ಚುತ್ವೆ. ಎರಡು ಸಲ ಮಾಮೂಲಿ ಪೇಂಟ್ ಹೊಡೆಸಿದ್ವಿ, ಎರಡು ಸಲಾನೂ ಗೋಡೆ ಬಣ್ಣ ಬದಲಾಯ್ತೇ ಹೊರತು ಮುಖ ಬದಲಾಗ್ಲಿಲ್ಲ. ಪೂರ್ತಿ ಪುಟ್ಟಿ ಎಳೆಸಿ ಉಜ್ಜಿಸೋಣ ಅಂದ್ರೆ ಆ ಧೂಳು ನೆನೆಸ್ಕೊಂಡೇ ಸುಸ್ತು. ಆಗ ಯಾರೋ ಅಂದ್ರು, ಟೆಕ್ಸ್ಚರ್ ಪೇಂಟ್ ಹೊಡೀರಿ, ಎಲ್ಲಾ ಮುಚ್ಚೋಗುತ್ತೆ ಅಂತ.

ಆ ಮಾತು ಅರ್ಧ ನಿಜ. ಯಾವ ಅರ್ಧ ಅಂತ ಗೊತ್ತಾಗೋಕೆ ನಮಗೆ ಮೂರು ಗೋಡೆ, ಮೂರು ಥರದ ಸಾಮಾನು, ಹೆಚ್ಚುಕಮ್ಮಿ ಒಂದೂವರೆ ವರ್ಷ ಬೇಕಾಯ್ತು. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಡಬ್ಬದ ಮೇಲಿನ ಹೆಸರು ಬೇರೆ ಬೇರೆ ಇದ್ರೂ ಒಳಗಡೆ ಇರೋದು ಈ ಮೂರರಲ್ಲಿ ಒಂದು ಥರದ್ದೇ. ಒಂದು, ಸಣ್ಣ ಮರಳು ಸೇರಿಸಿರೋ ರೆಡಿಮಿಕ್ಸ್, ಮಾಮೂಲಿ ಪೇಂಟ್‌ಗಿಂತ ಸ್ವಲ್ಪ ಮಂದ, ರೋಲರ್‌ನಲ್ಲೇ ಹೋಗುತ್ತೆ, ಒಣಗಿದ ಮೇಲೆ ಹಳೇ ಸ್ಯಾಂಡ್ ಪೇಪರ್ ಮುಟ್ಟಿದಂಗೆ ಇರುತ್ತೆ. ಎರಡು, ಗಟ್ಟಿ ಪೇಸ್ಟ್ ಥರ ಬರೋದು, ಕರಣೆಯಲ್ಲಿ ಮೆತ್ತಿ ಆಮೇಲೆ ತೂತು ತೂತು ಇರೋ ಸ್ಪಂಜ್ ರೋಲರ್ ಓಡಿಸಿ ಡಿಸೈನ್ ಎಬ್ಬಿಸ್ಬೇಕು. ಮೂರು, ಪುಡಿ, ಮನೇಲಿ ಮಿಕ್ಕಿರೋ ಪೇಂಟ್‌ಗೆ ಕಲಸ್ಕೊಳ್ಳೋದು. ಮೂರಲ್ಲೂ ಮೂಲ ಒಂದೇ, ನೀರಿನ ಅಕ್ರಿಲಿಕ್ ಪೇಂಟ್, ಅದಕ್ಕೆ ಮರಳೋ ಸುಣ್ಣದ ಕಲ್ಲಿನ ಪುಡಿಯೋ ಪರ್ಲೈಟೋ ಪ್ಲಾಸ್ಟಿಕ್ ಕಾಳೋ ಏನಾದ್ರೂ ಒಂದು ಕಾಳು ಸೇರಿಸಿರ್ತಾರೆ ಅಷ್ಟೇ.

ಡಬ್ಬ ಕೊಳ್ಳೋ ಮುಂಚೆ ಒಂದು ಕೆಲಸ ಮಾಡಿ, ನಾನು ಇದನ್ನ ಮೊದಲ ಗೋಡೆ ಆದ್ಮೇಲೆ ಕಲಿತಿದ್ದು. ರಾತ್ರಿ ಲೈಟೆಲ್ಲಾ ಆರಿಸಿ ಒಂದು ಟಾರ್ಚನ್ನ ಗೋಡೆಗೆ ಅಂಟಿಸಿದ ಹಾಗೆ ಹಿಡ್ಕೊಂಡು ಬೆಳಕು ಗೋಡೆ ಮೇಲೇ ಜಾರಿಕೊಂಡು ಹೋಗೋ ಥರ ಬಿಡಿ. ಅಯ್ಯೋ ದೇವರೇ ಅನ್ಸುತ್ತೆ. ನಮ್ಮ ಹಾಲ್ ಗೋಡೆ ಮೇಲೆ ಹಂಗೆ ಬಿಟ್ಟಾಗ ಸ್ವಿಚ್ ಬೋರ್ಡ್ ಪಕ್ಕ ಒಂದು ಕಾಳಿನಷ್ಟು ಪುಟ್ಟಿ ಅಂಟ್ಕೊಂಡಿದ್ದು ಗೇಣುದ್ದ ನೆರಳು ಬಿಟ್ಟಿತ್ತು. ಗೇಣುದ್ದ! ಗೋಡೆ ಒರಟಾಗಿದೆ ಅಂತ ನಾವು ಅನ್ಕೊಳ್ಳೋದು ಏನಿದೆ ಅದು ಉಬ್ಬಲ್ಲ, ಉಬ್ಬಿನ ನೆರಳು. ನಯವಾದ ಗೋಡೆ ಮೇಲೆ ಒಂದೇ ಒಂದು ಉಬ್ಬಿದ್ರೆ ಒಂದೇ ಒಂದು ನೆರಳು, ಅದು ಒಂಟಿಯಾಗಿ ನಿಂತಿರುತ್ತೆ, ಕಣ್ಣು ಸೀದಾ ಅಲ್ಲಿಗೇ ಹೋಗುತ್ತೆ. ಟೆಕ್ಸ್ಚರ್ ಹೊಡೆದ ಗೋಡೆ ಮೇಲೆ ಸಾವಿರಾರು ಸಣ್ಣ ಸಣ್ಣ ಉಬ್ಬು, ಸಾವಿರಾರು ಸಣ್ಣ ನೆರಳು, ಆ ಗದ್ದಲದಲ್ಲಿ ನಮ್ಮ ಹಳೇ ಉಬ್ಬಿನ ನೆರಳು ಯಾವ್ದು ಅಂತ ಕಣ್ಣಿಗೆ ಹುಡುಕೋಕೆ ಆಗಲ್ಲ. ಜಾತ್ರೇಲಿ ಒಬ್ಬ ಕಳೆದುಹೋದ ಹಾಗೆ. ದೋಷ ಎಲ್ಲೂ ಹೋಗಿರಲ್ಲ, ಅಲ್ಲೇ ಇರುತ್ತೆ, ಗುರುತು ಸಿಗಲ್ಲ ಅಷ್ಟೇ.

ಇದು ಅರ್ಥ ಆದ್ಮೇಲೆ ಇದರ ಮಿತಿ ಏನು ಅಂತಾನೂ ಅರ್ಥ ಆಗುತ್ತೆ. ಟೆಕ್ಸ್ಚರ್‌ನ ಕಾಳಿನ ಅಳತೆಗೆ ಹತ್ತಿರ ಇರೋ ದೋಷ ಆದ್ರೆ ಮಾತ್ರ ಅದರಲ್ಲಿ ಕಳೆದುಹೋಗುತ್ತೆ. ಕರಣೆ ಗೆರೆ, ರೋಲರ್ ಗುರುತು, ಕೂದಲೆಳೆ ಬಿರುಕು, ಪುಟ್ಟಿ ಪ್ಯಾಚ್‌ನ ಅಂಚು, ಸಣ್ಣ ಗುಳಿ, ಇವೆಲ್ಲಾ ಹೋಗುತ್ವೆ. ಗೋಡೆಯೇ ಹೊಟ್ಟೆ ಬಿಟ್ಕೊಂಡಿದ್ರೆ, ಮಧ್ಯದಲ್ಲಿ ತಗ್ಗಿದ್ರೆ, ಮೂಲೆ ನೆಟ್ಟಗಿಲ್ಲದಿದ್ರೆ ಯಾವ ಮರಳೂ ಏನೂ ಮಾಡಲ್ಲ. ನಾನು ಇಟ್ಕೊಂಡಿರೋ ಲೆಕ್ಕ ಇಷ್ಟು: ಅಂಗೈ ಸವರಿದ್ರೆ ಸಿಗೋ ದೋಷ ಮುಚ್ಚುತ್ತೆ, ಎರಡು ಮೀಟರ್ ನೇರ ಪಟ್ಟಿ ಗೋಡೆಗೆ ಒತ್ತಿ ಹಿಡಿದಾಗ ಹಿಂದೆ ಸಂದು ಕಾಣೋ ದೋಷ ಮುಚ್ಚಲ್ಲ. ಅಂಥಾ ಗೋಡೆಯ ಗುಟ್ಟು ಬಿಟ್ಟುಕೊಡೋದು ಗೋಡೆ ಮಧ್ಯ ಅಲ್ಲ, ಅಂಚುಗಳು. ಸ್ಕರ್ಟಿಂಗ್ ಟೈಲ್ ಜೊತೆ, ಬಾಗಿಲ ಚೌಕಟ್ಟಿನ ಜೊತೆ, ಮೇಲೆ ಸೀಲಿಂಗ್ ಜೊತೆ ಗೋಡೆ ಸೇರೋ ಗೆರೆ ಹಾವಿನ ಥರ ಹರಿದಿದ್ರೆ ನೀವು ಚಿನ್ನದ ಪೇಂಟ್ ಹೊಡೆದ್ರೂ ಅದು ಹಂಗೇ ಕಾಣುತ್ತೆ.

ಇದು ಬರೀ ನನ್ನ ಮಾತಲ್ಲ. ಜಿಪ್ಸಂ ಬೋರ್ಡ್ ಗೋಡೆಗಳಿಗೆ ಅಮೆರಿಕದ ಜಿಪ್ಸಂ ಅಸೋಸಿಯೇಷನ್‌ನವರು 0ಯಿಂದ 5ರ ತನಕ ಫಿನಿಶ್ ಲೆವೆಲ್ ಅಂತ ಮಾಡಿಟ್ಟಿದಾರೆ, ಅಂಕಿ ಹೆಚ್ಚಾದಷ್ಟೂ ಪೇಂಟ್‌ಗೆ ಮುಂಚೆ ಗೋಡೆ ಜಾಸ್ತಿ ನಯ ಆಗಿರ್ಬೇಕು ಅಂತ. ದಪ್ಪ ಟೆಕ್ಸ್ಚರ್ ಬರುತ್ತೆ ಅಂದ್ರೆ ಲೆವೆಲ್ 3 ಸಾಕು, ತೆಳು ಟೆಕ್ಸ್ಚರ್ ಅಥ್ವಾ ಮ್ಯಾಟ್ ಪೇಂಟ್ ಆದ್ರೆ 4 ಬೇಕು, ಹೊಳೆಯೋ ಪೇಂಟ್ ಅಥ್ವಾ ಓರೆ ಬೆಳಕು ಬೀಳೋ ಗೋಡೆ ಆದ್ರೆ 5, ಅಂದ್ರೆ ಇಡೀ ಗೋಡೆಗೆ ತೆಳುವಾಗಿ ಒಂದು ಪದರ ಎಳೆದು ನಯ ಮಾಡಿರ್ಬೇಕು. ಈ ಪಟ್ಟೀಲಿ ಒಂದು ವಿಷಯ ಗಮನಿಸಿ, ತೆಳು ಟೆಕ್ಸ್ಚರ್‌ನೂ ಮ್ಯಾಟ್ ಪೇಂಟ್‌ನೂ ಒಂದೇ ಲೆವೆಲ್‌ನಲ್ಲಿ ಇಟ್ಟಿದಾರೆ. ಅಂದ್ರೆ ತೆಳು ಟೆಕ್ಸ್ಚರ್ ಹೊಡೀತೀನಿ, ಗೋಡೆ ಹೆಂಗಿದ್ರೂ ನಡೆಯುತ್ತೆ ಅನ್ಕೊಳ್ಳೋ ಹಾಗೇ ಇಲ್ಲ. ನಾವು ಮಾಡಿದ್ದು ಅದನ್ನೇ.

ಹಾಲ್ ಗೋಡೆಗೆ ಮೊದಲನೇ ಥರದ್ದು, ಸಣ್ಣ ಮರಳಿನ ರೆಡಿಮಿಕ್ಸ್ ತಂದ್ವಿ. ಒಂದು ಒಳ್ಳೇ ಕೆಲಸ ಮಾಡಿದ್ವಿ, ಪ್ರೈಮರ್ ಹೊಡೆದಿದ್ದು. ಗೋಡೆ ಸವರಿದ್ರೆ ಕೈಗೆ ಬಿಳಿ ಪುಡಿ ಅಂಟ್ತಿತ್ತು, ಅಂಥಾ ಗೋಡೆ ಮೇಲೆ ಸೀದಾ ಟೆಕ್ಸ್ಚರ್ ಹೊಡೆದ್ರೆ ಅದು ಗೋಡೆಗೆ ಅಂಟಲ್ಲ, ಆ ಪುಡಿಗೆ ಅಂಟುತ್ತೆ, ಒಂದಿನ ತನ್ನ ಭಾರಕ್ಕೆ ತಾನೇ ಹಪ್ಪಳದ ಥರ ಎದ್ದು ಬರುತ್ತೆ. ಇನ್ನೊಂದು, ಪುಟ್ಟಿ ಪ್ಯಾಚ್ ಇರೋ ಜಾಗ ನೀರನ್ನ ಬೇಗ ಹೀರುತ್ತೆ, ಹಳೇ ಪೇಂಟ್ ಇರೋ ಜಾಗ ಹೀರಲ್ಲ, ಪ್ರೈಮರ್ ಇಲ್ಲದಿದ್ರೆ ಟೆಕ್ಸ್ಚರ್ ಕೆಳಗಿಂದಾನೂ ಆ ಪ್ಯಾಚ್‌ಗಳು ಮಬ್ಬಾಗಿ ಕಾಣುತ್ವೆ. ಆಯಿಲ್ ಪೇಂಟ್ ಹೊಡೆದಿರೋ ಹೊಳಪಿನ ಗೋಡೆ ಆಗಿದ್ರೆ ಹೊಳಪು ಹೋಗೋ ತನಕ ಉಜ್ಜಿ, ಜಾರೋ ಮೇಲ್ಮೈಗೆ ಹಿಡಿಯೋ ಪ್ರೈಮರ್ರೇ ಬೇಕು.

ಆಮೇಲೆ ತಪ್ಪು ಶುರು. ಮರಳು ಅಂದ್ರೆ ಮರಳು, ಅದು ತಳ ಸೇರುತ್ತೆ ಅನ್ನೋ ಸಣ್ಣ ವಿಷಯ ನಮ್ಮಿಬ್ಬರ ತಲೆಗೂ ಹೋಗ್ಲಿಲ್ಲ. ಶುರುವಲ್ಲಿ ಒಂದು ಸಲ ಚೆನ್ನಾಗಿ ಕಲಕಿದ್ವಿ, ಆಮೇಲೆ ಟ್ರೇಗೆ ಸುರ್ಕೊಂಡು ಸುರ್ಕೊಂಡು ಹೊಡೀತಾ ಹೋದ್ವಿ. ಅರ್ಧ ಗೋಡೆ ಆದ್ಮೇಲೆ ಹಿಂದೆ ಸರಿದು ನೋಡ್ತೀನಿ, ಎಡಗಡೆ ನಯವಾಗಿದೆ, ಬಲಕ್ಕೆ ಬರ್ತಾ ಬರ್ತಾ ಒರಟಾಗ್ತಾ ಇದೆ, ಯಾರೋ ಬೇಕಂತಲೇ ಡಿಸೈನ್ ಮಾಡಿದಂಗೆ. ಡಬ್ಬಕ್ಕೆ ಕೋಲು ಹಾಕಿದ್ರೆ ತಳದಲ್ಲಿ ನಾಲ್ಕು ಬೆರಳು ಮರಳು ಗಟ್ಟಿಯಾಗಿ ಕೂತಿದೆ.

"ರೀ, ಅವಾಗಿಂದ ಕಲಕ್ತಾ ಇದೀರಾ ಇಲ್ವಾ?"

"ನೀನು ಹೇಳಿದ್ರೆ ತಾನೆ ಕಲಕೋದು."

ಹಿಂಗೆ. ಎರಡನೇ ಕೋಟ್ ಹೊಡೀವಾಗ ಒಬ್ರು ಪ್ರತಿ ಟ್ರೇಗೂ ತಳ ಕೆದಕಿ ಕಲಕೋದು, ಒಬ್ರು ಹೊಡೆಯೋದು ಅಂತ ಮಾಡ್ಕೊಂಡ್ವಿ, ಅದು ಸಮ ಬಂತು. ಮೊದಲನೇ ಕೋಟ್ ಒಣಗೋಕೆ ಡಬ್ಬದ ಮೇಲೆ ಬರೆದಿದ್ದಕ್ಕಿಂತ ಜಾಸ್ತಿ ಹೊತ್ತು ಬಿಟ್ಟಿದ್ವಿ, ಮಾರನೇ ದಿನಾನೇ ಎರಡನೇದು ಹೊಡೆದಿದ್ದು. ಮರಳು ಇರೋದ್ರಿಂದ ಪದರ ದಪ್ಪ, ಮೇಲೆ ಒಣಗಿದಂಗೆ ಕಂಡ್ರೂ ಒಳಗೆ ಹಸಿ ಇರುತ್ತೆ. ರೋಲರ್ ಕೂಡ ದಪ್ಪ ಉಣ್ಣೆದೇ ಬೇಕು, ಗಿಡ್ಡ ಉಣ್ಣೆ ರೋಲರ್ ಪೇಂಟ್ ಹೀರ್ಕೊಂಡು ಮರಳನ್ನ ಟ್ರೇಯಲ್ಲೇ ಬಿಟ್ಟು ಬರುತ್ತೆ. ಇನ್ನೊಂದು ಪಾಠ, ರೋಲರ್ ಸೀಲಿಂಗ್ ಅಂಚಿಗೆ ಮೂಲೆಗೆ ಪೂರ್ತಿ ಹೋಗಲ್ಲ, ಅಲ್ಲಿ ಬ್ರಷ್‌ನಲ್ಲಿ ಎಳೆದ್ರೆ ಗೋಡೆ ಸುತ್ತಾ ಫೋಟೋ ಫ್ರೇಮ್ ಹಾಕಿದ ಹಾಗೆ ನಯವಾದ ಒಂದು ಪಟ್ಟೆ ಉಳಿಯುತ್ತೆ. ಬ್ರಷ್ ಎಳೀಬಾರ್ದು, ಹಸಿ ಇರೋವಾಗ್ಲೇ ಬ್ರಷ್ ತುದೀಲಿ ಕುಟ್ಟುತ್ತಾ ಹೋಗ್ಬೇಕು.

ಫಲಿತಾಂಶ? ಕರಣೆ ಗೆರೆ ಹೋಯ್ತು, ರೋಲರ್ ಗುರುತು ಹೋಯ್ತು, ಮೊಳೆ ಗುಳಿಗಳು ಎಲ್ಲಿವೆ ಅಂತ ನನಗೇ ಹುಡುಕೋಕೆ ಆಗ್ಲಿಲ್ಲ. ವೈರಿಂಗ್ ಪಟ್ಟೆಗಳಲ್ಲಿ ಎರಡು ಹೋದ್ವು, ಒಂದು ಹೋಗ್ಲಿಲ್ಲ. ಆ ಒಂದು ಪಟ್ಟೆ ಗೋಡೆ ಮಟ್ಟಕ್ಕಿಂತ ಸ್ವಲ್ಪ ಒಳಗಿದೆ, ಕೈಗೆ ಸಿಗಲ್ಲ, ಸಾಯಂಕಾಲದ ಬಿಸಿಲಿಗೆ ಸಿಗುತ್ತೆ. ಅದನ್ನ ಮೊದಲೇ ಪುಟ್ಟಿ ತುಂಬಿ ಮಟ್ಟ ಮಾಡ್ಕೊಂಡಿದ್ರೆ ಅರ್ಧ ದಿನದ ಕೆಲಸ, ಈಗ ಟೆಕ್ಸ್ಚರ್ ಮೇಲೆ ಮಾಡೋಕೆ ಹೋದ್ರೆ ಸುತ್ತಮುತ್ತ ಎಲ್ಲಾ ಹಾಳು. ಹಂಗಾಗಿ ಅಲ್ಲಿ ಒಂದು ಕಪಾಟು ಬಂದು ಕೂತಿದೆ.

ಎರಡನೇ ಗೋಡೆ ರೂಮಲ್ಲಿ ಮಂಚದ ಹಿಂದೆ. ಇದು ಇನ್ನೂ ಕೆಟ್ಟದಾಗಿತ್ತು, ಹಳೇ ಪ್ಯಾನಲಿಂಗ್ ಕಿತ್ತಿದ್ದು, ಅಂಟು ಎಳೆದ ಗುರುತು, ಸ್ಕ್ರೂ ತೂತು, ಅಲ್ಲಲ್ಲಿ ಗಾರೆ ಚೂರು ಉದುರಿದ್ದು. ಇದಕ್ಕೆ ಗಟ್ಟಿ ಪೇಸ್ಟ್ ಥರದ್ದೇ ಬೇಕು ಅಂತ ತಂದ್ವಿ. ಇಲ್ಲಿ ನಾವು ಲೆಕ್ಕದಲ್ಲಿ ಮುಗ್ಗರಿಸಿದ್ವಿ, ನೀವು ಮುಗ್ಗರಿಸ್ಬೇಡಿ. ಗೋಡೆ 4 ಮೀಟರ್ ಉದ್ದ, 2.7 ಮೀಟರ್ ಎತ್ತರ, ಅಂದ್ರೆ 10.8 ಚದರ ಮೀಟರ್. ಮಾಮೂಲಿ ಪೇಂಟ್ ಒಂದು ಲೀಟರ್‌ಗೆ ಒಂದು ಕೋಟ್ ಸುಮಾರು 10 ಚದರ ಮೀಟರ್ ಬರುತ್ತೆ, ಇದು ಸ್ವಲ್ಪ ದಪ್ಪ, ಇರ್ಲಿ ಅಂತ ಧಾರಾಳವಾಗಿ 4 ಲೀಟರ್ ತಂದ್ವಿ. ಆದ್ರೆ ಶಾಲೆ ಲೆಕ್ಕ ನೋಡಿ, ಒಂದು ಲೀಟರನ್ನ ಒಂದು ಮಿಲಿಮೀಟರ್ ದಪ್ಪಕ್ಕೆ ಹರಡಿದ್ರೆ ಬರೋದು ಸರಿಯಾಗಿ ಒಂದೇ ಒಂದು ಚದರ ಮೀಟರ್. ಮಾಮೂಲಿ ಪೇಂಟ್ 10 ಚದರ ಮೀಟರ್ ಬರೋದು ಯಾಕಂದ್ರೆ ಅದು ಹಸಿ ಇರೋವಾಗ್ಲೇ ಮಿಲಿಮೀಟರ್‌ನ ಹತ್ತನೇ ಒಂದು ಭಾಗ ದಪ್ಪ ಇರುತ್ತೆ ಅಷ್ಟೇ. ಗಟ್ಟಿ ಟೆಕ್ಸ್ಚರ್ ಒಂದು ಮಿಲಿಮೀಟರ್‌ಗಿಂತ ಕಮ್ಮಿ ಮೆತ್ತಿದ್ರೆ ಡಿಸೈನೇ ಏಳಲ್ಲ. ಅಂದ್ರೆ ನಮ್ಮ ಗೋಡೆಗೆ ಬೇಕಾಗಿದ್ದು ಹತ್ತಿರ ಹತ್ತಿರ 11 ಲೀಟರ್. ಗೋಡೆಯ ಮೂರನೇ ಒಂದು ಭಾಗ ದಾಟೋವಷ್ಟರಲ್ಲಿ ಡಬ್ಬ ಖಾಲಿ.

ಅವತ್ತು ಇನ್ನೂ ತರೋಕೆ ಆಗ್ಲಿಲ್ಲ, ಮಾರನೇ ದಿನ ತಂದು ಶುರು ಮಾಡಿದ್ವಿ. ಇದು ಎರಡನೇ ತಪ್ಪು. ಟೆಕ್ಸ್ಚರ್ ಅನ್ನೋದನ್ನ ಒಂದು ಮೂಲೆಯಿಂದ ಇನ್ನೊಂದು ಮೂಲೆ ತನಕ ಒಂದೇ ಉಸಿರಲ್ಲಿ ಮುಗಿಸ್ಬೇಕು, ಹಸಿ ಅಂಚಿಗೆ ಹಸಿ ಸೇರ್ಬೇಕು. ಒಣಗಿದ ಅಂಚಿಗೆ ಹೊಸದು ಸೇರಿಸಿದ್ರೆ ಅಲ್ಲಿ ಎರಡು ಪದರ ಏರಿ ಮೇಲಿಂದ ಕೆಳಗೆ ಒಂದು ಗೆರೆ, ಗಾಯ ಹೊಲಿದ ಹಾಗೆ. ನಮ್ಮ ಗೋಡೆ ಮೇಲೆ ಆ ಹೊಲಿಗೆ ಇವತ್ತಿಗೂ ಇದೆ. ಮುಚ್ಚೋಕೆ ಅಂತ ತಂದಿದ್ದೇ ಹೊಸ ದೋಷ ಮಾಡಿ ಕೊಡ್ತು ನೋಡಿ. ಪುಣ್ಯಕ್ಕೆ ಮಂಚದ ತಲೆಹಲಗೆ ಅರ್ಧ ಮುಚ್ಚುತ್ತೆ.

ಇದಕ್ಕೆ ಇಬ್ಬರು ಇರ್ಲೇಬೇಕು, ಒಬ್ಬರೇ ಮಾಡ್ತೀನಿ ಅಂತ ಹೊರಡ್ಬೇಡಿ. ಒಬ್ರು ಮುಂದೆ ಮುಂದೆ ಮೆತ್ತುತ್ತಾ ಹೋಗ್ಬೇಕು, ಇನ್ನೊಬ್ರು ಹಿಂದೇನೇ ಡಿಸೈನ್ ರೋಲರ್ ಓಡಿಸ್ಕೊಂಡು ಬರ್ಬೇಕು, ಆ ಇನ್ನೊಬ್ರು ಕೊನೇ ತನಕ ಅವರೇ ಆಗಿರ್ಬೇಕು. ಮಧ್ಯದಲ್ಲಿ ನಾವು ಕೈ ಬದಲಾಯಿಸಿದ್ವಿ, ನಮ್ಮನೆಯವರು ಒತ್ತಿ ಓಡಿಸ್ತಾರೆ, ನಾನು ಹಗುರಕ್ಕೆ, ಗೋಡೆ ನೋಡಿದ್ರೆ ಎಲ್ಲಿ ಕೈ ಬದಲಾಯ್ತು ಅಂತ ಹೇಳ್ಬಹುದು. ಫ್ಯಾನ್ ಆಫ್ ಮಾಡಿ, ಗಾಳಿಗೆ ಅಂಚು ಬೇಗ ಒಣಗುತ್ತೆ. ಒಂದು ಸಲ ರೋಲರ್ ಓಡಿಸಿದ ಜಾಗಕ್ಕೆ ಮತ್ತೆ ಚೆಂದ ಮಾಡೋಕೆ ಅಂತ ಹೋಗ್ಬೇಡಿ, ಅರ್ಧ ಒಣಗಿದ್ದು ರೋಲರ್‌ಗೆ ಅಂಟ್ಕೊಂಡು ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತೆ. ಮಾಸ್ಕಿಂಗ್ ಟೇಪನ್ನ ಹಸಿ ಇರೋವಾಗ್ಲೇ ಕಿತ್ತುಬಿಡಿ, ಒಣಗಿದ ಮೇಲೆ ಕಿತ್ತರೆ ಅಂಚನ್ನೂ ಕರ್ಕೊಂಡು ಬರುತ್ತೆ. ಸ್ವಿಚ್ ಬೋರ್ಡ್ ಪ್ಲೇಟ್ ಬಿಚ್ಚೋ ಮುಂಚೆ ಕರೆಂಟ್ ಮೇನ್ ಆಫ್ ಮಾಡಿ, ಇದು ಹೇಳ್ಬೇಕಾ ಅನ್ಬೇಡಿ, ಹೇಳ್ಬೇಕು.

ಇಷ್ಟೆಲ್ಲಾ ಬೈದ್ರೂ ಒಂದು ಮಾತು ಒಪ್ಕೋಬೇಕು, ಮುಚ್ಚೋ ವಿಷಯದಲ್ಲಿ ಇದೇ ಎಲ್ಲಕ್ಕಿಂತ ಜೋರು. ಅಂಟಿನ ಗುರುತು, ಸ್ಕ್ರೂ ತೂತು, ಚೂರು ಉದುರಿದ್ದು, ಒಂದೂ ಇಲ್ಲ, ಆ ಗೋಡೆ ಮೊದಲು ಹೆಂಗಿತ್ತು ಅಂತ ಹೇಳಿದ್ರೆ ಯಾರೂ ನಂಬಲ್ಲ. ಆದ್ರೆ ನೋಡೋಕೆ ಎಲ್ಲರಿಗೂ ಇಷ್ಟ ಆಗಲ್ಲ. ನಮ್ಮತ್ತೆ ಬಾಗಿಲಲ್ಲೇ ನಿಂತು ಒಂದು ನಿಮಿಷ ನೋಡಿ, "ಏನಮ್ಮಾ ಇದು, ಗೋಡೆಗೆ ಬೆವರುಸಾಲೆ ಎದ್ದಂಗಿದೆ" ಅಂದ್ರು. ನಾನು ಅವತ್ತಿಂದ ಆ ಗೋಡೆ ನೋಡ್ದಾಗೆಲ್ಲಾ ನನಗೂ ಬೆವರುಸಾಲೆನೇ ಕಾಣುತ್ತೆ. ನನ್ನ ಸಲಹೆ, ಡಿಸೈನ್ ಎಬ್ಬಿಸಿದ ಹತ್ತು ಹದಿನೈದು ನಿಮಿಷಕ್ಕೆ, ತುದಿಗಳು ಸ್ವಲ್ಪ ಬಿಗಿ ಆದಾಗ, ಅಗಲದ ಪ್ಲಾಸ್ಟಿಕ್ ಪಟ್ಟೀಲಿ ಮೇಲೆ ಮೇಲೇ ಹಗುರಕ್ಕೆ ಸವರಿಬಿಡಿ. ಚೂಪು ತುದಿಗಳು ಮಲಗುತ್ವೆ, ನೋಡೋಕೂ ಸೌಮ್ಯ, ಆಮೇಲೆ ಧೂಳೂ ಕಮ್ಮಿ ಕೂರುತ್ತೆ. ಹಾಳೆಯಲ್ಲೋ ಹಲಗೆ ಚೂರಿನ ಮೇಲೋ ಒಂದು ಸಲ ಅಭ್ಯಾಸ ಮಾಡ್ಕೊಂಡು ಗೋಡೆಗೆ ಬನ್ನಿ, ಎಷ್ಟು ನಿಮಿಷ ಅನ್ನೋದು ಆವತ್ತಿನ ಹವೆ ಮೇಲೆ ಹೋಗುತ್ತೆ.

ಬಣ್ಣದ ಬಗ್ಗೆ ಒಂದೆರಡು ಮಾತು. ಈ ಗಟ್ಟಿ ಪೇಸ್ಟ್ ಬರೋದು ಬಿಳಿ, ಒಣಗಿದ ಮೇಲೆ ನಮಗೆ ಬೇಕಾದ ಬಣ್ಣ ಮೇಲೆ ಹೊಡ್ಕೋಬೇಕು. ಡಬ್ಬದಲ್ಲಿ ನೋಡಿದ ಬಣ್ಣಕ್ಕಿಂತ ಟೆಕ್ಸ್ಚರ್ ಗೋಡೆ ಮೇಲೆ ಸ್ವಲ್ಪ ಗಾಢವಾಗೇ ಕಾಣುತ್ತೆ, ಯಾಕಂದ್ರೆ ಗೋಡೆ ತುಂಬಾ ಸಣ್ಣ ಸಣ್ಣ ನೆರಳು, ಹಂಗಾಗಿ ಒಂದು ಶೇಡ್ ತಿಳಿಯಾಗಿರೋದನ್ನೇ ತಗೊಳ್ಳಿ. ಮತ್ತೆ ದಯವಿಟ್ಟು ಹೊಳೆಯೋದು ಬೇಡ, ಮ್ಯಾಟ್ ಇರ್ಲಿ. ಹೊಳಪಿನ ಪೇಂಟ್ ಹೊಡೆದ್ರೆ ಪ್ರತಿಯೊಂದು ಉಬ್ಬಿನ ನೆತ್ತಿ ಮೇಲೂ ಒಂದು ಮಿಣುಕು ದೀಪ ಹಚ್ಚಿದಂಗೆ, ಗೋಡೆ ಬಚ್ಚಿಟ್ಕೊಂಡಿದ್ದನ್ನೆಲ್ಲಾ ಬಾಯಿ ಬಿಡುತ್ತೆ.

ಮೂರನೇದು, ಪುಡಿ. ಓಣಿ ಥರ ಇರೋ ಸಣ್ಣ ಪ್ಯಾಸೇಜ್‌ಗೆ ಮಿಕ್ಕಿದ್ದ ಪೇಂಟ್‌ಗೆ ಕಲಸಿ ಹೊಡೆದ್ವಿ. ಕೇಳೋಕೆ ಚೆನ್ನಾಗಿದೆ, ಮಿಕ್ಕಿದ್ದು ಖರ್ಚಾಗುತ್ತೆ, ಎಷ್ಟು ಒರಟು ಬೇಕು ಅಂತ ನಮ್ಮ ಕೈಯಲ್ಲೇ ಇರುತ್ತೆ. ಆದ್ರೆ ಎರಡು ತೊಂದರೆ. ಜಾಸ್ತಿ ಸುರಿದ್ರೆ ಎಲ್ಲಾ ಕಾಳನ್ನೂ ಹಿಡಿದಿಟ್ಕೊಳ್ಳೋಕೆ ಪೇಂಟಲ್ಲಿ ಅಂಟು ಸಾಲಲ್ಲ, ಒಣಗಿದ ಮೇಲೆ ಸವರಿದ್ರೆ ಝಲ್ಲಂತ ಮರಳು ಉದುರುತ್ತೆ. ನಾವು ಎರಡನೇ ಬಾರಿ ಕಲಸಿದ್ದು ಕಣ್ಣಳತೆ, ಅದರ ಕೆಳಗೆ ಈಗ್ಲೂ ಗುಡಿಸಿದಾಗ ಒಂದು ಚಿಟಿಕೆ ಸಿಗುತ್ತೆ. ಎರಡನೇ ತೊಂದರೆ, ಪ್ರತಿ ಸಲ ಕಲಸಿದ್ದೂ ಒಂದೊಂದು ಥರ. ತೂಕ ಮಾಡಿ ಕಲಸಿ, ಇಲ್ಲಾ ಒಂದೇ ಬಕೆಟ್‌ನಲ್ಲಿ ಇಡೀ ಗೋಡೆಗೆ ಆಗೋಷ್ಟು ಒಟ್ಟಿಗೇ ಕಲಸಿ. ಕಲಸೋವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಪುಡಿ ಎಷ್ಟೋ ಸಲ ಸಿಲಿಕಾ ಮರಳು, ಅದರ ಸಣ್ಣ ಧೂಳು ಎದೆಗೆ ಒಳ್ಳೇದಲ್ಲ. ಸಣ್ಣ ಜಾಗಕ್ಕೆ ಆಯ್ತು, ದೊಡ್ಡ ಗೋಡೆಗೆ ನಾನಂತೂ ಮತ್ತೆ ತರಲ್ಲ. ಹಾಲ್‌ಗೆ ಹಾಕಿದ ರೆಡಿಮಿಕ್ಸ್‌ಗೆ ಐದಕ್ಕೆ ನಾಲ್ಕು, ಗಟ್ಟಿ ಪೇಸ್ಟ್‌ಗೆ ಮೂರು, ಅದೂ ಮುಚ್ಚೋ ಶಕ್ತಿಗೆ ಕೊಟ್ಟಿದ್ದು, ಪುಡಿಗೆ ಎರಡು.

ಜೊತೆಗೆ ಬದುಕೋದು ಹೆಂಗೆ ಅಂತ ಯಾರೂ ಹೇಳಲ್ಲ. ಧೂಳು ಕೂರುತ್ತೆ, ಪ್ರತಿ ಉಬ್ಬಿನ ಮೇಲ್ಭಾಗದಲ್ಲಿ ಒಂದು ಸಣ್ಣ ಜಗಲಿ ಇದ್ದಂಗೆ, ಅಲ್ಲೇ ಕೂರುತ್ತೆ. ಹತ್ತಿ ಬಟ್ಟೇಲಿ ಒರೆಸೋಕೆ ಹೋದೆ ಒಂದಿನ, ಗೋಡೆ ತುಂಬಾ ಬಟ್ಟೆ ನಾರು ಸಿಕ್ಕಾಕ್ಕೊಂಡು ಬಿಳಿ ಗಡ್ಡ ಬಂದಂಗಾಯ್ತು, ಅದನ್ನ ಕಿತ್ತು ತೆಗೆಯೋಕೆ ಒಂದು ಗಂಟೆ. ಈಗ ವ್ಯಾಕ್ಯೂಮ್‌ಗೆ ಮೆತ್ತನೆ ಬ್ರಷ್ ಹಾಕಿ ಮೇಲಿಂದ ಕೆಳಗೆ ಎಳೀತೀನಿ, ಇಲ್ಲಾಂದ್ರೆ ಒಣ ಪೇಂಟ್ ಬ್ರಷ್. ಎಣ್ಣೆ ಜಿಡ್ಡು ಹಾರೋ ಒಲೆ ಹತ್ತಿರದ ಗೋಡೆಗಂತೂ ಹಾಕ್ಲೇಬೇಡಿ, ಜಿಡ್ಡಿನ ಮೇಲೆ ಧೂಳು ಕೂತ್ರೆ ಯಾವ ಬ್ರಷ್‌ಗೂ ಬಗ್ಗಲ್ಲ. ಪ್ಯಾಸೇಜ್‌ನಲ್ಲಿ ಓಡಾಡೋವಾಗ ಮೊಣಕೈ ತಾಗಿದ್ರೆ ತರಚುತ್ತೆ, ಮಗ ಎರಡು ಸಲ ಗೀರಿಸ್ಕೊಂಡ. ಟಚಪ್ ಅನ್ನೋದು ಬಹಳ ಕಷ್ಟ, ಮಾಮೂಲಿ ಗೋಡೇಲಿ ಒಂದು ತೂತು ಬಿದ್ರೆ ತುಂಬಿ ಬಣ್ಣ ಮುಟ್ಟಿಸಿದ್ರೆ ಆಯ್ತು, ಇಲ್ಲಿ ತುಂಬಿದ ಜಾಗ ಬೋಳಾಗಿ ಕಾಣುತ್ತೆ, ಅದಕ್ಕೆ ಅದೇ ಡಬ್ಬದ್ದು ಒಂದು ಸಣ್ಣ ಬಾಟ್ಲೀಲಿ ಎತ್ತಿಟ್ಕೊಂಡು ಸ್ಪಂಜ್ ಚೂರಲ್ಲಿ ಒತ್ತಿ ಒತ್ತಿ ಸುತ್ತಲಿನ ಜೊತೆ ಬೆರೆಸ್ಬೇಕು. ಗೋಡೆಗೆ ಅಂಟಿಸೋ ಹುಕ್ಕು, ಸ್ಟಿಕ್ಕರು, ಡಬಲ್ ಟೇಪು ಯಾವ್ದೂ ನಿಲ್ಲಲ್ಲ, ಉಬ್ಬುಗಳ ನೆತ್ತಿ ಮಾತ್ರ ಅಂಟಿಗೆ ಸಿಗೋದು. ನಮ್ಮ ಕ್ಯಾಲೆಂಡರ್ ರಾತ್ರಿ ಹೊತ್ತು ಎರಡು ಸಲ ಬಿದ್ದು ಎಲ್ಲರನ್ನೂ ಎಬ್ಬಿಸ್ತು.

ಈಗ ನಮ್ಮ ದೊಡ್ಡ ತಪ್ಪಿನ ಕಥೆ. ಮಂಚದ ಹಿಂದಿನ ಗೋಡೆಯ ಎಡಗಡೆ ಕೆಳಮೂಲೆ ಬಚ್ಚಲುಮನೆಗೆ ಅಂಟಿಕೊಂಡಿದೆ. ಅಲ್ಲಿ ಮೊದಲಿಂದ ಬಣ್ಣ ಸ್ವಲ್ಪ ಉಬ್ಬಿತ್ತು, ಕೆರೆದ್ರೆ ಬಿಳಿ ಬಿಳಿ ಹತ್ತಿ ಥರ ಉಪ್ಪು ಬರ್ತಿತ್ತು. ಕೆರೆದು, ಪ್ರೈಮರ್ ಹೊಡೆದು, ಮೇಲೆ ದಪ್ಪಗೆ ಟೆಕ್ಸ್ಚರ್ ಮೆತ್ತಿಬಿಟ್ವಿ, ಇನ್ನೇನು ಕಾಣಲ್ಲ ಅಂತ. ನಾಲ್ಕು ತಿಂಗಳು ಕಾಣ್ಲೂ ಇಲ್ಲ. ಐದನೇ ತಿಂಗಳು ಒಂದು ಬೆಳಗ್ಗೆ ಹಾಸಿಗೆ ಸರಿ ಮಾಡೋವಾಗ ಕೈ ತಗುಲಿ ಅಂಗೈಯಗಲ ಒಂದು ಚಕ್ಕೆ ತಲೆದಿಂಬಿನ ಮೇಲೇ ಬಿತ್ತು, ಹಿಂದೆ ನೋಡಿದ್ರೆ ಗೋಡೆ ಒದ್ದೆ, ಉಪ್ಪು ಮುಂಚೆಗಿಂತ ದಪ್ಪ.

ಗೋಡೆ ಒಳಗೆ ಓಡಾಡೋ ನೀರು ಇಟ್ಟಿಗೆ ಗಾರೆಯಲ್ಲಿರೋ ಉಪ್ಪನ್ನ ಕರಗಿಸ್ಕೊಂಡು ಮೇಲ್ಮೈಗೆ ಬರುತ್ತೆ, ನೀರು ಆವಿಯಾಗುತ್ತೆ, ಉಪ್ಪು ಹರಳಾಗಿ ಅಲ್ಲೇ ಉಳಿಯುತ್ತೆ, ಆ ಹರಳು ಬೆಳೀತಾ ಬೆಳೀತಾ ಮೇಲಿರೋ ಪೇಂಟನ್ನ ಒಳಗಿಂದ ತಳ್ಳುತ್ತೆ. ದಪ್ಪ ಪದರ ಹಾಕಿದ್ರೆ ನೀರು ಆಚೆ ಹೋಗೋ ದಾರಿ ಇನ್ನೂ ಕಟ್ಟಾಗುತ್ತೆ ಅಷ್ಟೇ. ಟೆಕ್ಸ್ಚರ್ ಇಲ್ಲಿ ಬರೀ ಸುಮ್ನೆ ಇರ್ಲಿಲ್ಲ, ನಮಗೆ ಗೊತ್ತಾಗೋದನ್ನೇ ತಡ ಮಾಡ್ತು. ಮಾಮೂಲಿ ಪೇಂಟ್ ಆಗಿದ್ರೆ ಎರಡನೇ ತಿಂಗಳೇ ಕಲೆ ಕಂಡು ಪ್ಲಂಬರ್‌ನ ಕರೆಸ್ತಿದ್ವಿ. ಓಡಾಡೋ ಬಿರುಕೂ ಹಂಗೇ, ಬಾಗಿಲ ಮೂಲೆಯಿಂದ ಓರೆಯಾಗಿ ಏಳೋ ಬಿರುಕು ವರ್ಷದಿಂದ ವರ್ಷಕ್ಕೆ ಅಗಲ ಆಗ್ತಿದ್ರೆ ಮುಚ್ಚೋದು ಆಮೇಲೆ, ಮೊದಲು ಅದರ ಎರಡು ಕಡೆ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆದು ಬೆಳೀತಾ ಇದ್ಯಾ ನೋಡಿ.

ಪ್ಲಂಬರ್ ಬಂದು ನೋಡಿ, ಬಚ್ಚಲಿನ ನಲ್ಲಿ ಪೈಪ್ ಗೋಡೆ ಒಳಗೆ ಸೇರೋ ಜಾಗದಲ್ಲಿ ಜಿನುಗ್ತಾ ಇತ್ತು ಅಂತ ಸರಿ ಮಾಡಿಕೊಟ್ರು. ಆಮೇಲೆ ಕೆರೆಯೋ ಕೆಲಸ. ಟೆಕ್ಸ್ಚರ್ ತೆಗೆಯೋದು ಹಾಕೋದರ ಹತ್ತರಷ್ಟು ಕಷ್ಟ ಅಂತ ಅವತ್ತು ಗೊತ್ತಾಯ್ತು. ತೇವ ಇರೋ ಕಡೆ ಸುಲಭಕ್ಕೆ ಬಂತು, ಒಣಗಿರೋ ಕಡೆ ಬರ್ಲೇ ಇಲ್ಲ, ಬಿಸಿನೀರು ಹಾಕಿ ನೆನೆಸಿದ್ರೂ ಇಲ್ಲ, ನೀರಿನ ಪೇಂಟ್ ಅನ್ನೋದು ಹಸಿ ಇರೋವಾಗ ಮಾತ್ರ, ಒಣಗಿದ ಅಕ್ರಿಲಿಕ್ ಪ್ಲಾಸ್ಟಿಕ್ಕೇ. ಒಂದು ಚದರ ಅಡಿ ಕೆರೆಯೋಕೆ ಅರ್ಧ ಗಂಟೆ, ಕೆಳಗಿನ ಗಾರೇನೂ ಜೊತೆಗೆ ಬಂತು. ಇಡೀ ಗೋಡೆ ಬೇಡ ಅನ್ಸಿದ್ರೆ ಕೆರೆಯೋದಕ್ಕಿಂತ ಅದರ ತಗ್ಗುಗಳನ್ನ ತುಂಬೋ ಹಾಗೆ ಮೇಲೆ ಪುಟ್ಟಿ ಎರಡು ಮೂರು ಪದರ ಎಳೆದು ನಯ ಮಾಡೋದೇ ವಾಸಿ, ಅಂದ್ರೆ ಯಾವ ಪುಟ್ಟಿ ಕೆಲಸ ತಪ್ಪಿಸ್ಕೊಳ್ಳೋಕೆ ಟೆಕ್ಸ್ಚರ್ ಹಾಕಿದ್ವೋ ಅದನ್ನೇ, ಡಬಲ್.

ಇನ್ನೊಂದು ಎಚ್ಚರಿಕೆ, ಇದು ಹಳೇ ಕಟ್ಟಡಗಳಲ್ಲಿ ಇರೋರಿಗೆ. ಸೀಲಿಂಗ್‌ಗೋ ಗೋಡೆಗೋ ಯಾರೋ ಹಿಂದಿನವರು ಹಾಕಿಸಿರೋ ಟೆಕ್ಸ್ಚರ್ ಇದ್ದು ಅದು 1980ರ ದಶಕದ್ದೋ ಅದಕ್ಕೂ ಹಿಂದಿನದೋ ಅಂತ ಅನುಮಾನ ಇದ್ರೆ ಒಣದಾಗಿ ಉಜ್ಜೋಕೆ, ಕೆರೆಯೋಕೆ ಹೋಗ್ಲೇಬೇಡಿ. ಆಗಿನ ಟೆಕ್ಸ್ಚರ್ ಕೋಟಿಂಗ್‌ಗಳಲ್ಲಿ ಗಟ್ಟಿತನಕ್ಕೆ ಅಂತ ಕಲ್ನಾರು, ಅಂದ್ರೆ ಆಸ್‌ಬೆಸ್ಟಾಸ್ ಸೇರಿಸ್ತಿದ್ರು. ಸುಮ್ನೆ ಗೋಡೆ ಮೇಲಿದ್ರೆ ತೊಂದರೆ ಕಮ್ಮಿ, ಉಜ್ಜಿದಾಗ ಏಳೋ ಎಳೆ ಉಸಿರಲ್ಲಿ ಹೋದ್ರೆ ಶ್ವಾಸಕೋಶಕ್ಕೆ ಮಾರಕ. ಅಮೆರಿಕದಲ್ಲಿ ಜನ ಮನೆಗೆ ಕೊಂಡು ಬಳಸೋ ಪ್ಯಾಚಿಂಗ್ ಸಾಮಾನಲ್ಲಿ ಅದನ್ನ 1977ರಲ್ಲೇ ನಿಷೇಧ ಮಾಡಿದ್ರು, ಬ್ರಿಟನ್‌ನಲ್ಲಿ ಎಲ್ಲಾ ಥರದ ಆಸ್‌ಬೆಸ್ಟಾಸ್ ಪೂರ್ತಿ ನಿಂತಿದ್ದು 1999ರಲ್ಲಿ. ಸಣ್ಣ ಚೂರನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿಸೋ ತನಕ ಮುಟ್ಟದೇ ಇರೋದೇ ಕ್ಷೇಮ. ಈಗಿನ ಡಬ್ಬಗಳ ವಿಷಯ ಅಲ್ಲ ಇದು, ಗಾಬರಿ ಬೇಡ.

ನಮ್ಮ ಆ ಮೂಲೆ ಈಗ್ಲೂ ಬೋಳು, ಗಾರೆ ಕಾಣ್ತಾ ಇದೆ. ಉಪ್ಪನ್ನ ಒಣ ಬ್ರಷ್‌ನಲ್ಲಿ ಉದುರಿಸಿ ಉದುರಿಸಿ ತೆಗೀತಾ ಇದೀನಿ, ನೀರು ಹಾಕಿ ತೊಳೆದ್ರೆ ಅದೇ ಉಪ್ಪು ಕರಗಿ ಮತ್ತೆ ಗೋಡೆ ಒಳಗೇ ಹೋಗುತ್ತೆ. ವಾರಕ್ಕೊಂದು ಸಲ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಲ್ಲಿ ಅಂಟಿಸ್ತೀನಿ, ಒಂದು ದಿನ ಬಿಟ್ಟು ಬಿಚ್ಚಿ ನೋಡ್ತೀನಿ. ಹಾಳೆಯ ಗೋಡೆ ಕಡೆ ಮುಖದಲ್ಲಿ ನೀರಿನ ಹನಿ ಇದ್ರೆ ಗೋಡೆ ಇನ್ನೂ ಬೆವರ್ತಾ ಇದೆ ಅಂತ, ನಮ್ಮ ಕಡೆ ಮುಖದಲ್ಲಿ ಇದ್ರೆ ಅದು ರೂಮಿನ ಗಾಳೀದು. ಮೊದಲ ಮೂರು ವಾರ ಗೋಡೆ ಕಡೆ ಹನಿ ಕಂಡಿತ್ತು, ಹೋದ ವಾರ ಬರೀ ಮಬ್ಬು. ನಿನ್ನೆ ಮತ್ತೆ ಅಂಟಿಸಿದೀನಿ. ಅತ್ತೆ ಬಂದು ನೋಡಿ ಇದೇನು ಹೊಸ ಡಿಸೈನಾ ಅಂತ ಕೇಳಿದ್ರು.